ಎಂಟನೇ ಹೊಲಿಗೆ ಮತ್ತು ಅವ್ವ ಕಾದ ಉಡದಾರ

ಇಂದ:
ಸೂರ್ಯಕಾಂತ, ವಯಸ್ಸು 34,
ಜಾವಾ ಪಾಠ ಹೇಳುವವನು, ಸದ್ಯ ಎಡಮಗ್ಗುಲಲ್ಲಿ ಮಾತ್ರ ಮಲಗುವವನು,
ಕೂಕಟ್‌ಪಲ್ಲಿ, ಹೈದರಾಬಾದ್.

ಗೆ:
ಶ್ರೀಮತಿ ಶರಣಬಸಮ್ಮನವರು,
ಅರ್ಜಿದಾರನ ತಾಯಿ ಹಾಗೂ ಸದರಿ ಮನೆಯ ಸರ್ವಾಧಿಕಾರಿಗಳು,
ಅದೇ ವಿಳಾಸ, ಅಡುಗೆಮನೆ.

ವಿಷಯ: ಸೊಂಟದ ಉಡದಾರವನ್ನು ಹದಿನೈದು ದಿನ ಬಿಚ್ಚಿಡಲು ಅನುಮತಿ ಕೋರಿ.

ಉಲ್ಲೇಖ: 1. ಡಾಕ್ಟರರ ಚೀಟಿ, ದಿ. 9-8-2004.
2. ಅದರ ಮೇಲೆ ತಾವು ನೀಡಿದ ಮೌಖಿಕ ಆದೇಶ: "ಆಗಂಗಿಲ್ಲ ಅಂದ್ರ ಆಗಂಗಿಲ್ಲ."

ಮಾನ್ಯ ಅವ್ವನವರೇ,

1. ಕಳೆದ ತಿಂಗಳು ಅರ್ಜಿದಾರನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ, ಬಲಗಡೆ ಕಿಬ್ಬೊಟ್ಟೆಗೆ ಎಂಟು ಹೊಲಿಗೆ ಬಿದ್ದವು. ಅಂದು ಸಂಜೆ ತಾವು ಊರಿನಿಂದ ಬಂದು, ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು, ನೇರ ವಾರ್ಡಿಗೆ ನುಗ್ಗಿದಿರಿ. ಹೇಗಿದ್ದೀ ಎಂದು ಕೇಳುವ ಮೊದಲೇ ಹೊದಿಕೆ ಎತ್ತಿ ಉಡದಾರ ಇದೆಯೋ ಇಲ್ಲವೋ ನೋಡಿದಿರಿ. ಇತ್ತು. ಆಮೇಲೆ ಚಹಾ ಕುಡಿದಿರಿ.

2. ಹತ್ತನೇ ದಿನ ಹೊಲಿಗೆ ಬಿಚ್ಚಲು ಕಾಂಪೌಂಡರ್ ರಾಮದಾಸರು ಕತ್ತರಿ ಹಿಡಿದು ಬಂದಾಗ ತಾವು ಅಡ್ಡ ನಿಂತು, "ಉಡದಾರಕ್ಕ ಕತ್ರಿ ತಾಗಿಸಬ್ಯಾಡ್ರಿ. ನನ್ನ ಮಗಾ ಇನ್ನೂ ಬದುಕ್ಯಾನ" ಎಂದಿರಿ. ಹೊಲಿಗೆಯೂ ಕಪ್ಪು ದಾರ, ಉಡದಾರವೂ ಕಪ್ಪು ದಾರ. ರಾಮದಾಸರು ಏಳನ್ನು ಬಿಚ್ಚಿ, ಎಂಟನೆಯದನ್ನು ಉಡದಾರದ ತುದಿಯೆಂದು ತಿಳಿದು, ಅದಕ್ಕೆ ಕೈಮುಗಿದು ಹೋದರು.

3. ಕಾರಣ, ಸದರಿ ಎಂಟನೇ ಹೊಲಿಗೆ ಅಲ್ಲೇ ಠಿಕಾಣಿ ಹೂಡಿದೆ. ಮೇಲೆ ಉಡದಾರ ಉಜ್ಜಿ ಉಜ್ಜಿ ಗಾಯಕ್ಕೆ ಕೀವು ಕಟ್ಟಿದೆ. ಕೆಮ್ಮಿದರೆ ನೋವು, ಸೀನಿದರೆ ಕೈಲಾಸ. ಬೆಲ್ಟ್ ಹಾಕುವಂತಿಲ್ಲ. ಆದಕಾರಣ ಅಮೀರ್‌ಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ, ಅಮೆರಿಕಕ್ಕೆ ಹಾರಲು ಕಾದ ಎಂಬತ್ತು ಮಂದಿಯ ಮುಂದೆ, ಒಂದು ಕೈಯಲ್ಲಿ ಜಾವಾ ಬರೆದು ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿಯಬೇಕಾಗಿದೆ. ಇದು ಹೊಸ ಸ್ಟೈಲೆಂದು ಮುಂದಿನ ಬೆಂಚಿನ ಇಬ್ಬರು ತಾವೂ ಪ್ಯಾಂಟು ಹಿಡಿದು ಓಡಾಡುತ್ತಿದ್ದಾರೆ.

4. ಉಡದಾರ ಬಿಚ್ಚಿ ಬಂದರೆ ಹೊಲಿಗೆ ತೆಗೆಯಬಹುದು, ಗಾಯ ಮಾಯುವವರೆಗೆ ಕಟ್ಟಬಾರದು, ತಡಮಾಡಿದರೆ ಮತ್ತೆ ಕೊಯ್ಯಬೇಕಾದೀತು ಎಂದು ಡಾಕ್ಟರು ಹೇಳಿದ್ದಾರೆ. ತಮ್ಮ ಸೊಸೆ ಐಶ್ವರ್ಯಾ ಇದನ್ನು ಎರಡು ಸಲ ಅರಿಕೆ ಮಾಡಿದಳು. ಎರಡು ಸಲವೂ ತಾವು ಅರಿಶಿನ ತೇಯ್ದು ಹಚ್ಚಿದಿರಿ.

5. ತಮ್ಮ ಹಟದ ಮೂಲ ಅರ್ಜಿದಾರನಿಗೆ ಗೊತ್ತು. ಉಡದಾರಕ್ಕೆ ಕತ್ತರಿ ಬಿದ್ದದ್ದನ್ನು ತಾವು ನೋಡಿದ್ದು ಒಂದೇ ಸಲ, ಅಪ್ಪನನ್ನು ಮಣ್ಣಿಗೆ ಒಯ್ಯುವ ಮುಂಚೆ. ಅರ್ಜಿದಾರನೂ ಅಲ್ಲೇ ನಿಂತಿದ್ದ. ಈ ಅಂಶದ ಬಗ್ಗೆ ತಮಾಷೆ ಮಾಡುವ ಧೈರ್ಯ ಅವನಿಗಿಲ್ಲ.

6. ಆದರೆ ಒಂದು ತಪ್ಪೊಪ್ಪಿಗೆ ಇದೆ. ಆಪರೇಷನ್ ದಿನ ಬೆಳಿಗ್ಗೆಯೇ ನರ್ಸ್ ಹಳೆಯ ಉಡದಾರವನ್ನು ಕತ್ತರಿಸಿದ್ದಳು. ತಾವು ಕಾಚಿಗೂಡದಲ್ಲಿ ಆಟೋ ಹತ್ತುವ ಹೊತ್ತಿಗೆ ಐಶ್ವರ್ಯಾ ಎದುರಿನ ಅಂಗಡಿಯಿಂದ ಹೊಸದು ತಂದು ಕಟ್ಟಿದಳು. ತಾವು ಇಷ್ಟು ದಿನ ಕಾದದ್ದು ಆ ಅಂಗಡಿ ದಾರವನ್ನು. ನಡುವೆ ಆರು ತಾಸು ಅರ್ಜಿದಾರನ ಸೊಂಟ ಬರಿದಾಗಿತ್ತು, ಹೊಟ್ಟೆಯನ್ನೂ ಕೊಯ್ದಿದ್ದರು. ಆದಾಗ್ಯೂ ಅವನು ಸಾಯಲಿಲ್ಲ.

ಆದ್ದರಿಂದ, ನಾಳೆ ಆಸ್ಪತ್ರೆಯಲ್ಲಿ ಕತ್ತರಿಯ ಗೊಡವೆಯಿಲ್ಲದೆ ಗಂಟನ್ನು ತಾವೇ ಕೈಯಾರೆ ಬಿಚ್ಚಿ, ಹೊಲಿಗೆ ಹೊರಬರುವ ತನಕ ದಾರವನ್ನು ತಮ್ಮ ಮುಷ್ಟಿಯಲ್ಲೇ ಹಿಡಿದಿದ್ದು, ಗಾಯ ಮಾಯ್ದ ಮೇಲೆ ತಾವೇ ಮತ್ತೆ ಕಟ್ಟಬೇಕಾಗಿ ವಿನಂತಿ.

ತಮ್ಮ ವಿಶ್ವಾಸವನ್ನು ಆರನೇ ಅಂಶದಲ್ಲಿ ಕಳೆದುಕೊಂಡಿರಬಹುದಾದ,
ಸೂರ್ಯಕಾಂತ

ಅಡಕ: 1. ಡಾಕ್ಟರರ ಚೀಟಿ.
2. ಬೆಂಕಿಪೊಟ್ಟಣದಲ್ಲಿಟ್ಟ, ಕತ್ತರಿಸಿದ ಹಳೆಯ ಉಡದಾರ, ಒಂದು.

ವಿ.ಸೂ.: ಅಡಕ 2ನ್ನು ನೋಡಿ ಅತ್ತು ಮುಗಿದ ಮೇಲೆ ಅರ್ಜಿದಾರನನ್ನು ಊಟಕ್ಕೆ ಕರೆಯಬೇಕಾಗಿ ಕೋರಿಕೆ. ಅವನು ಅಡುಗೆಮನೆಯ ಬಾಗಿಲಾಚೆಯೇ ನಿಂತಿದ್ದಾನೆ. ಬಹಳ ಹೊತ್ತು ನಿಂತರೆ ಹೊಲಿಗೆ ಜಗ್ಗುತ್ತದೆ.