ಬೀಗರ ಎಲೆಗೆ ಡ್ರಾಯಿಂಗ್ ಮಾಸ್ತರರ ಕೈ

ಬಾಳೆ ಎಲೆಯ ಮೇಲೆ ತಲೆತಲಾಂತರದಿಂದ ನಡೆದ ಅನ್ಯಾಯವನ್ನು ಇಂದು ತೊಡೆದುಹಾಕಿಯೇ ಸೈ ಎಂದು ಜಮಖಂಡಿಯ ಡ್ರಾಯಿಂಗ್ ಮಾಸ್ತರ ಅನಂತರಾಯರು ಶಪಥ ಮಾಡಿದರು! ಮುಂಬಯಿ ಸರಕಾರದ ಚಿತ್ರಕಲೆಯ ಪರೀಕ್ಷೆ ಪಾಸಾದಾಗಿನಿಂದ ಅವರ ಮನೆಯಲ್ಲಿ ಹಲ್ಲಿ ಕೂಡ ಗೋಡೆಯ ಅಂದ ನೋಡಿಕೊಂಡೇ ಕೂರುತ್ತಿತ್ತು.

ಅಂದು ಮಗಳು ಸುಲಭಾಳ ಮದುವೆಯ ಮಾತು ಗಟ್ಟಿ ಮಾಡಲು ಲೋಕಾಪುರದವರು ಊಟಕ್ಕೆ ಬಂದಿದ್ದರು. ಹೂಂ ಅನ್ನಬೇಕಾದವರು ವರನ ಅಜ್ಜ ವಿಠ್ಠಲಪಂತರು.

“ಎಲಿ ತುಂಬ ಗಿಜಿಗಿಜಿ! ಇದೇನ ಊಟಾನೋ, ಸಂತಿಯೋ? ಕಣ್ಣಿಗೆ ಉಸರಾಡ್ಲಿಕ್ಕೆ ಖಾಲಿ ಜಾಗಾ ಬೇಕು. ನೋಡಿದ ಕೂಡ್ಲೆ ಕಣ್ಣು ಹೋಗಿ ನಿಲ್ಲೂ ಹಂಗ ಒಂದ ಗುಂಪಿ ಬೇಕು. ಹಸರಿನ ಮ್ಯಾಲೆ ಎದ್ದ ಕಾಣೂದು ಯಾವುದು? ಕೆಂಪು!” ಎಂದರು ರಾಯರು.

“ಕೆಂಪಂದ್ರ ರಂಜಕಾರೀ!” ಹೆಂಡತಿ ಸುಹಾಸಿನಿ ಬೆಚ್ಚಿದಳು. “ನಾಲಿಗಿಗೆ ಹಚ್ಚಿದ್ರ ನೆತ್ತಿ ಹಾರ್ತದ!”

“ನೀ ಅಡಿಗಿ ನೋಡ್ಕೊ. ಅಂದಾ ನಾ ನೋಡ್ಕೋತೀನಿ!”

ಬಲಗಡೆ ಶಿರಾ ಬಡಿಸುವ ಜಾಗದಲ್ಲಿ ಕೆಂಪು ಮೆಣಸಿನಕಾಯಿ ಅರೆದ ಮುಷ್ಟಿಗಾತ್ರದ ರಂಜಕ ಕೆಂಡದಂತೆ ಹೊಳೆಯಿತು. ಪಾಪ, ಶಿರಾ ಉಪ್ಪಿನ ಮೂಲೆಗೆ ಗಡೀಪಾರಾಯಿತು!

ವಿಠ್ಠಲಪಂತರು ಕನ್ನಡಕ ಬಿಚ್ಚಿಟ್ಟು ಉಣ್ಣುವವರು. ಎಪ್ಪತ್ತು ವರ್ಷದ ಕೈಗೆ ಎಲೆಯ ದಾರಿ ಬಾಯಿಪಾಠ. ಮೇಲಾಗಿ ಊಟದಲ್ಲಿ ಮೌನವ್ರತ. ಮಾತಾಡಿದರೆ ಎಲೆ ಬಿಟ್ಟು ಏಳಬೇಕು; ಹಿರಿಯರು ಎದ್ದರೆ ಪಂಕ್ತಿಯೇ ಏಳಬೇಕು!

ಕೈ ಬಲಕ್ಕೆ ಹೋಯಿತು. ದೊಡ್ಡ ತುತ್ತು ಬಾಯಿಗೆ ಬಂತು.

ಮುದುಕರ ಕಿವಿಯಿಂದ ಹೊಗೆ ಹೊರಟು ತೊಲೆಗಳು ಕಪ್ಪಾದವು! ಕಣ್ಣಿಂದ ಕೃಷ್ಣೆ, ಮೂಗಿನಿಂದ ಘಟಪ್ರಭೆ!

“ನೋಡಬೇ, ಎಂಥಾ ರಸಿಕರು! ಅಂದಾ ನೋಡಿ ಅಳ್ಲಿಕತ್ತಾರ!” ಎಂದು ರಾಯರು ಹೆಂಡತಿಯ ಕಿವಿಯಲ್ಲಿ ಹಿಗ್ಗಿದರು.

ಪಂತರು ನೀರಿಗಾಗಿ ಕೈ ಬೀಸಿದರು. ರಾಯರು ಓಡಿ ಬಂದು ಇನ್ನೊಂದು ಗುಂಪಿ ರಂಜಕ ಬಡಿಸಿದರು!

ಪಂಕ್ತಿ ಮುಗಿಯಿತು. ಪಂತರು ಹಿತ್ತಲಿಗೆ ಹಾರಿ, ಒಂದು ಹಂಡೆ ನೀರು ಖಾಲಿ ಮಾಡಿ, ಬಾಯಿ ಬಿಟ್ಟರು. ಸುಲಭಾ ಬಾಗಿಲ ಹಿಂದೆ ಕಿವಿಗೊಟ್ಟಳು.

“ಹುಡಿಗಿ... ಹಾ... ಪಸಂತ ಅದಾಳ. ಮದವಿ ಮಾಡೂಣು. ಆದ್ರ ಬಡಸ್ಲಿಕ್ಕೆ ನೀವು ನಿಂತ್ರ, ನಮ್ಮ ದಿಬ್ಬಣ ದಾರ್ಯಾಗ ಮುಧೋಳದಾಗ ಊಟಾ ಮುಗಿಸ್ಕೊಂಡ ಬರ್ತದ!”

ಬೀಗರು ಹೋದ ಮೇಲೆ ಹಸಿದ ರಾಯರು ಎಲೆಯ ಮುಂದೆ ಕುಳಿತರು. ಸುಹಾಸಿನಿ ನಟ್ಟನಡುವೆ ಉಪ್ಪಿನ ಒಂದೇ ಒಂದು ಹರಳನ್ನು ಇಟ್ಟು ಹಿಂದೆ ಸರಿದಳು.

“ಉಳಿದದ್ದು?”

“ಮುಗೀತ್ರೀ. ಸುತ್ತ ಎಷ್ಟ ಖಾಲಿ ಜಾಗಾ ಅದ ನೋಡ್ರಿ! ಕಣ್ಣು ಹೊಟ್ಟಿ ತುಂಬ ಉಸರಾಡ್ಲಿ!”