ಕ್ಯಾಮೆರಾಕ್ಕೊಂದು ಕೋಟು

"ನಿಮ್ಮಮ್ಮನ ಫೋಟೋ ತೆಗೆಯೋ ಜವಾಬ್ದಾರಿ ನಂದು! ಈ ಬೀದಿಯಲ್ಲಿ ಯಾರೂ ಕಂಡಿರಬಾರದು, ಅಂಥ ಫೋಟೋ ತೆಗೀತೀನಿ!"

ಹೀಗೆ ಘೋಷಿಸಿದವರು ನಮ್ಮ ಟೇಪಣ್ಣ. ವೃತ್ತಿಯಲ್ಲಿ ಟೇಲರ್. ಕೊರಳಲ್ಲಿ ಅಳತೆಯ ಟೇಪಿಲ್ಲದೆ ಅವರನ್ನು ಕಂಡವರಿಲ್ಲ, ಅದಕ್ಕೇ ಆ ಹೆಸರು. ಹೆಂಡತಿಗೆ ಮಾತ್ರ ಒಳಗೊಳಗೇ ಅಳುಕು. ಅಮ್ಮನಿಗೆ ಎಂಬತ್ತು ತುಂಬಿದರೂ ಮನೆಯಲ್ಲಿ ಅವರದೊಂದು ಫೋಟೋ ಇರಲಿಲ್ಲ. ಕ್ಯಾಮೆರಾ ಕಂಡರೆ ಸಾಕು, ಎದ್ದು ಒಳಗೆ ಹೋಗಿಬಿಡುವ ಜೀವ ಅದು. ಬಹಳ ಕಾಡಿಬೇಡಿದ ಮೇಲೆ ಈ ಸಲ ಒಪ್ಪಿದ್ದರು.

"ಒಂದೇ ಒಂದು. ಟಿಕ್ ಅಂದ ತಕ್ಷಣ ಏಳ್ತೀನಿ. ಮತ್ತೆ ಕೇಳ್ಬೇಡಿ."

ಮನೆಯಲ್ಲಿ ಕ್ಯಾಮೆರಾಗಳು ಎರಡು. ಹೆಂಡತಿಯದು ಸೋಪಿನ ಡಬ್ಬಿಯಷ್ಟಿರುವ ಕಾಂಪ್ಯಾಕ್ಟ್. ಟೇಪಣ್ಣನದು ಲೆನ್ಸ್ ಬದಲಾಯಿಸುವ ದೊಡ್ಡದು.

"ರೀ, ನನ್ನದರಲ್ಲೇ ತೆಗೆದುಬಿಡ್ಲಾ? ಒತ್ತಿದ್ರೆ ಮುಗೀತು."

"ಆ ಡಬ್ಬೀಲಾ? ಹಿಡಿಯೋಕೆ ಜಾಗ ಎಲ್ಲಿದೆ ಅದರಲ್ಲಿ? ಇಲ್ನೋಡು, ಈ ಉಬ್ಬು. ನನ್ನ ಅಂಗೈ ಅಳತೆ ತಗೊಂಡೇ ಹೊಲಿದ ಹಾಗಿದೆ!"

ಈ ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ನಿಜಕ್ಕೂ ಚೆಂದದ ವಸ್ತು. ಮೂರು ಬೆರಳು ಕೂರಲು ರಬ್ಬರಿನ ಹಿಡಿ, ತೋರುಬೆರಳು ತಾನಾಗಿ ಹೋಗಿ ನಿಲ್ಲುವಲ್ಲೇ ಬಟನ್, ಹೆಬ್ಬೆರಳಿಗೆ ಸಿಗುವಂತೆ ಚಕ್ರ. ಕ್ಯಾಮೆರಾದ ಬಾಯಿಗೆ ಲೆನ್ಸಿಟ್ಟು ತಿರುಗಿಸಿದರೆ 'ಟಕ್' ಎಂದು ಕೂರುತ್ತಿತ್ತು. ಆ ಸದ್ದು ಕೇಳಲೆಂದೇ ಟೇಪಣ್ಣ ದಿನಕ್ಕೆ ನಾಲ್ಕು ಸಲ ಬಿಚ್ಚಿ ಹಾಕುತ್ತಿದ್ದರು. ಪಕ್ಕದಲ್ಲೊಂದು ಚಿಕ್ಕ ಬಟನ್. ಅದನ್ನು ಒತ್ತಿ ಹಿಡಿದರಷ್ಟೇ ಲೆನ್ಸು ಕಳಚುವುದು.

ಇಂಥ ರಾಜಾಧಿರಾಜ ಬರಿಮೈಯಲ್ಲಿ ಅತ್ತೆಯೆದುರು ಹೋಗುವುದೇ? ಟೇಪಣ್ಣ ಟೇಪು ಬಿಚ್ಚಿದರು. ಎದೆ, ಭುಜ, ಲೆನ್ಸಿನ ಕತ್ತು, ಸುತ್ತಳತೆ ಎಲ್ಲ ಬರೆದುಕೊಂಡು ಕ್ಯಾಮೆರಾಕ್ಕೊಂದು ಕೋಟು ಹೊಲಿದೇಬಿಟ್ಟರು. ಒಳಗೆ ಹತ್ತಿ, ಮೇಲೆ ಕಾಲರು, ಕಾಲರಿಗೊಂದು ಗುಂಡಿ!

"ಸ್ವಲ್ಪ ಬಿಗಿಯಾಯ್ತಲ್ವೇನ್ರೀ?"

"ಫಿಟಿಂಗ್ ಅಂದ್ರೆ ಹೀಗಿರ್ಬೇಕು! ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದ್ದೀನಿ. ಒಂದು ನೂಲು ಆಚೀಚೆ ಆಗಲ್ಲ!"

ಭಾನುವಾರ ಬೆಳಿಗ್ಗೆ ಅತ್ತೆ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತರು. ಮುಖ ಹಲ್ಲು ಕೀಳಿಸಿಕೊಳ್ಳಲು ಬಂದವರಂತಿತ್ತು. ಟೇಪಣ್ಣ ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಮಂಡಿಯೂರಿ, ಮುಂದಕ್ಕೆ ಬಾಗಿ, ಝೂಮ್ ತಿರುಗಿಸಿದರು. ಊಹೂಂ! ಕಾಲರು ಲೆನ್ಸಿನ ಕತ್ತನ್ನು ಬಿಗಿಯಾಗಿ ಹಿಡಿದಿತ್ತು.

"ಬೇಗ ಆಗ್ಲಿ ಅಳಿಯಂದ್ರೇ, ಬೆನ್ನು ನೋಯ್ತಿದೆ."

"ಇನ್ನೊಂದೇ ಕ್ಷಣ ಅತ್ತೆ!"

ಬಲ ಹಾಕಿ ತಿರುಗಿಸಿದರು. ಮೂವತ್ತು ವರ್ಷದ ಅನುಭವಿ ಮರೆತದ್ದು ಒಂದೇ ಒಂದು ಸಂಗತಿ. ಕೋಟಿನೊಳಗಿನ ಹತ್ತಿ ಆ ಚಿಕ್ಕ ಬಟನ್ನನ್ನು ಬೆಳಗಿನಿಂದ ಒತ್ತಿಕೊಂಡೇ ಕೂತಿತ್ತು! ಝೂಮಿನ ಬದಲು ಇಡೀ ಲೆನ್ಸೇ ತಿರುಗಿತು. ಕಾಲರಿನ ಗುಂಡಿ ಚಟ್ಟನೆ ಕಿತ್ತುಬಂತು. ಲೆನ್ಸು ನೇರ ಅತ್ತೆಯ ಮಡಿಲಿಗೆ!

ಟೇಪಣ್ಣನ ಕೈಯಲ್ಲಿ ಕೋಟು ತೊಟ್ಟು ಬಾಯಿ ತೆರೆದ ಕ್ಯಾಮೆರಾ. ಅವರ ಬಾಯಿಯೂ ಅಷ್ಟೇ ತೆರೆದಿತ್ತು. ಅಮ್ಮ ಇನ್ನೇನು ಎದ್ದೇಬಿಡುತ್ತಾರೆ ಎಂದುಕೊಂಡರು ಹೆಂಡತಿ. ಅತ್ತೆ ಲೆನ್ಸನ್ನೆತ್ತಿ ಹಿಂದೆ ಮುಂದೆ ನೋಡಿದರು. ಆಮೇಲೆ ಅಳಿಯನ ಮುಖ ನೋಡಿದರು.

"ನಾನು ಅಷ್ಟೊಂದು ಕೆಟ್ಟದಾಗಿದೀನಾ? ನೋಡಲಾರದೆ ಕಣ್ಣೇ ಉದುರಿಬಿತ್ತಲ್ಲ!"

ಎಂದವರೇ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಷ್ಟರಲ್ಲಿ ಹೆಂಡತಿಯ ಕೈ ಚೀಲದೊಳಗೆ ಹೋಗಿ ಬಂದಿತ್ತು. ಸೋಪಿನ ಡಬ್ಬಿ ರೆಪ್ಪೆ ತೆರೆದು, ಮೂತಿ ಮುಂದೆ ಚಾಚಿ, ಟಿಕ್ ಎಂದಿತು. ಮೂತಿ ಒಳಗೆಳೆದುಕೊಂಡು ರೆಪ್ಪೆ ಮುಚ್ಚಿತು. ಅಷ್ಟೇ.

ಈಗ ಆ ಫೋಟೋ ಗೋಡೆಯ ಮೇಲಿದೆ. ಕೈಯಲ್ಲಿ ಲೆನ್ಸು, ಕಣ್ಣಂಚಲ್ಲಿ ನೀರು, ಬಾಯಿ ತುಂಬ ನಗು. ಅದನ್ನು ತೂಗುಹಾಕಿದ ದಿನ ಹೆಂಡತಿ ಬಹಳ ಹೊತ್ತು ಅದರೆದುರೇ ನಿಂತಿದ್ದರು. ಟೇಪಣ್ಣ ಆ ಸೋಪಿನ ಡಬ್ಬಿಯನ್ನು ಮೊದಲ ಬಾರಿ ಅಂಗೈ ಮೇಲಿಟ್ಟು ತಿರುಗಿಸಿ ನೋಡಿದರು. ಒಂದು ಹೊಲಿಗೆಯೂ ಹೊರಗೆ ಕಾಣದಂಥ ಕೆಲಸ! ಅಂಗಿಯ ಜೇಬಿಗೆ ಅಳತೆ ಕೊಟ್ಟು ಮಾಡಿಸಿದಂತೆ ಇಳಿಯಿತು. ತನ್ನ ಮುಚ್ಚಳ ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ.

"ಎಂಥಾ ಕಟಿಂಗು!" ಎಂದು ಮನಸಾರೆ ಮೆಚ್ಚಿದರು. ಮೆಚ್ಚಿದ ಕೈ ತಾನಾಗಿಯೇ ಕೊರಳ ಟೇಪಿನತ್ತ ಹೋಯಿತು.

ಮೂಲೆಯ ಕುರ್ಚಿಯಿಂದ ಅತ್ತೆ ಕೂಗಿದರು:

"ಅಳಿಯಂದ್ರೇ! ಬೇಕಾದ್ರೆ ಇನ್ನೊಂದು ಫೋಟೋಗೆ ಕೂರ್ತೀನಿ. ಆ ಪಾಪದ್ದಕ್ಕೆ ಮಾತ್ರ ಕೋಟು ಹೊಲೀಬೇಡಿ!"