ರಾಜನ ಕೆನ್ನೆಯ ಗಾಯ

ಪುತ್ತೂರು ಪೇಟೆಯಲ್ಲಿ ಬೆಳ್ಳಿ ಅಂಗಡಿ ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ಜನ ಒರೆಗಲ್ಲಿನ ಹತ್ತಿರ ಬರುವುದು ಸತ್ಯ ತಿಳಿಯಲಿಕ್ಕೆ ಅಂತ ನೀವು ಎಣಿಸಿದ್ದರೆ ನೀವು ವ್ಯಾಪಾರ ಮಾಡಿದವರಲ್ಲ. ಅವರು ಬರುವುದು "ಹೌದು" ಅನ್ನಿಸಿಕೊಳ್ಳಲಿಕ್ಕೆ. "ಅಲ್ಲ" ಅಂದವನಿಗೆ ಮರುದಿನದಿಂದ ಆ ಮನೆಯವರ ನಮಸ್ಕಾರವೂ ಇಲ್ಲ. ನಾನು ಒಂದೇ ಒಂದು ಸಲ "ಅಲ್ಲ" ಅಂದು ನಮಸ್ಕಾರ ಗಿಟ್ಟಿಸಿದ್ದುಂಟು. ಅದನ್ನೇ ಹೇಳುತ್ತೇನೆ, ಹೇಳಿಕೊಳ್ಳುವಂಥ ಮರ್ಯಾದೆಯ ವಿಷಯವೇನೂ ಅಲ್ಲದಿದ್ದರೂ.

೧. ಬಳಲಿದ ರಾಜ

ನಯಾಪೈಸೆ ಹೊಸದಾಗಿ ಬಂದ ಸಮಯ. ಬಸ್ಸಿನ ಕಂಡಕ್ಟರನಿಂದ ಹಿಡಿದು ದೇವರ ಹುಂಡಿ ಎಣಿಸುವವರ ತನಕ ಯಾರಿಗೂ ಯಾವ ನಾಣ್ಯದ ಮೇಲೂ ನಂಬಿಕೆ ಇರಲಿಲ್ಲ. ಅಂಥ ಹೊತ್ತಿನಲ್ಲಿ ಬೆಳ್ಳಾರೆ ಕಡೆಯ ಗೌಡರೊಬ್ಬರು ಬಸ್ಸಿಳಿದು ಬಂದು, ಹೆಗಲ ಮೇಲಿನ ಬೈರಾಸಿನ ತುದಿಯ ಗಂಟು ಬಿಚ್ಚಿ, ನನ್ನ ಮುಂದೆ ಒಂದು ನಾಣ್ಯ ಇಟ್ಟರು. ನಾಲ್ಕಾಣೆಯಷ್ಟು ಅಗಲ, ಅದಕ್ಕಿಂತ ದಪ್ಪ. ಒಂದು ಬದಿಯಲ್ಲಿ ಎಲೆಯ ಕಿರೀಟ ಇಟ್ಟ ಯಾರೋ ರಾಜನ ತಲೆ.

"ಶೇಟ್ರೆ, ಇದು ರೋಮಿನ ಬೆಳ್ಳಿ. ಎರಡು ಸಾವಿರ ವರ್ಷದ್ದು. ಹೌದೋ ಅಲ್ಲವೋ ನೋಡಿ ಹೇಳಿ."

"ರೋಮಿನದ್ದು ಅಂತ ಹೇಳಿದ್ದು ಯಾರು?"

"ಕೊಟ್ಟವನೇ."

"ಅವ ರೋಮಿಗೆ ಹೋಗಿದ್ದಾನೋ?"

"ಎಂತ ಮಾರಾಯ್ರೆ, ಅವ ಸರಿಯಾಗಿ ಪುತ್ತೂರಿಗೇ ಬಂದವನಲ್ಲ. ಕಡಬದಲ್ಲಿ ಅವನಿಗೆ ಮುರಕಲ್ಲು ಕಡಿಯುವ ಕೋರೆ ಉಂಟು. ಮೇಲಿನ ಮಣ್ಣು ತೆಗೆಯುವಾಗ ಸಿಕ್ಕಿದ್ದಂತೆ."

ಇದಕ್ಕೆ ಬದಲು ಎಂತ ಕೊಟ್ಟಿರಿ ಅಂತ ಕೇಳಿದೆ. ಗೌಡರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. ಹೆಂಡತಿಯ ಬೆಳ್ಳಿಯ ಸೊಂಟದ ಪಟ್ಟಿ ಕೊಟ್ಟಿದ್ದರು. ಹೆಂಡತಿಗೆ ಗೊತ್ತಿಲ್ಲ.

"ಬರುವ ತಿಂಗಳು ಅವಳ ತಮ್ಮನ ಮದುವೆ. ಪಟ್ಟಿ ಕೇಳಿಯೇ ಕೇಳ್ತಾಳೆ. ಅಷ್ಟರೊಳಗೆ ಇದನ್ನು ಮಾರಿ ಅಂಥದ್ದೇ ಎರಡು ಪಟ್ಟಿ ಮಾಡಿಸುವ ಅಂತ ಎಣಿಸಿದ್ದು. ಇದು ಸುಳ್ಳು ಅಂತಾದರೆ ನಾನು ಮನೆಗೆ ಹೋಗುದು ಹೇಗೆ ಹೇಳಿ?"

"ಪಟ್ಟಿ ಒಳ್ಳೆಯದಿತ್ತೋ?"

"ಒಳ್ಳೆಯದೋ ಅಂತ ನೀವು ಕೇಳುದಾ? ನಮ್ಮ ಮಾವ ನಿಮ್ಮ ತಂದೆಯವರ ಕೈಯಿಂದಲೇ ಕೊಂಡದ್ದು!"

"ಹಾಗಾದರೆ ಅದರ ಮಾತು ಬಿಡಿ. ನಾಣ್ಯ ನೋಡುವ" ಅಂದೆ. ಎದೆ ಸ್ವಲ್ಪ ಉಬ್ಬಿತ್ತು ಅಂತಲೇ ಇಟ್ಟುಕೊಳ್ಳಿ.

ನಾಣ್ಯವನ್ನು ಕಲ್ಲಿನ ಮೇಲೆ ಬೀಳಿಸಿದೆ. ಬೆಳ್ಳಿ ಠಣ್ ಅನ್ನಬೇಕು. ಇದು ಟೊಕ್ ಅಂದಿತು. ನಾನು ಹುಬ್ಬೇರಿಸಿದೆ. ಗೌಡರು ಮೆಲ್ಲನೆ, "ಅಷ್ಟು ದೂರದಿಂದ ಬಂದದ್ದಲ್ಲವೋ ಶೇಟ್ರೆ, ಬಳಲಿರಬೇಕು" ಅಂದರು.

೨. ವಕೀಲರ ಇಂಗ್ಲಿಷು

ನಾಣ್ಯದ ಸುತ್ತ ಅಕ್ಷರ ಇತ್ತು. ನನ್ನ ಅಂಗಡಿಯ ಮಾಳಿಗೆಯಲ್ಲಿ ಒಬ್ಬ ವಕೀಲರಿದ್ದರು. ಅವರು ಕನ್ನಡಕ ಏರಿಸಿ, ಇಳಿಸಿ, ನಾಣ್ಯವನ್ನು ಕಿಟಕಿಗೆ ಹಿಡಿದು ಅರ್ಧ ಗಂಟೆ ನೋಡಿದರು.

"ಅಕ್ಷರ ಇಂಗ್ಲಿಷಿನದು. ಎರಡು ಸಾವಿರ ವರ್ಷದ ಹಿಂದೆ ಇಂಗ್ಲಿಷರೇ ಇರಲಿಲ್ಲ, ಅಕ್ಷರ ಎಲ್ಲಿಂದ?"

"ಓದಿದರೆ ಎಂತ ಆಗುತ್ತದೆ ಸ್ವಾಮೀ?" ಗೌಡರು ಕೇಳಿದರು.

"ಓದಲಿಕ್ಕೆ ಬರುವುದಿಲ್ಲ. ನನಗೆ ಓದಲಿಕ್ಕೆ ಬಾರದ ಇಂಗ್ಲಿಷ್ ಲೋಕದಲ್ಲಿ ಇಲ್ಲ. ಆದ್ದರಿಂದ ಇದು ಖೋಟಾ."

ಹೀಗೆ ಹೇಳಿ ಗೌಡರಿಂದ ಸಲಹೆಯ ಫೀಸು ತೆಗೆದುಕೊಂಡರು. ಫೀಸಿನ ನಾಣ್ಯವನ್ನು ಮಾತ್ರ ಎರಡೆರಡು ಸಲ ಮೇಜಿನ ಮೇಲೆ ಬೀಳಿಸಿ ನೋಡಿದರು.

೩. ಪ್ರಾಮಾಣಿಕ ಕಳ್ಳ

ಗೌಡರು ಬಿಡಲಿಲ್ಲ. ಸುಳ್ಯದಲ್ಲಿ ನಮ್ಮ ಕಡೆಗೆಲ್ಲ ಹೆಸರಾದ ಅಕ್ಕಸಾಲಿಯೊಬ್ಬರಿದ್ದರು, ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಕ್ಕಸಾಲಿ ನಾಣ್ಯದ ಅಂಚನ್ನು ಒರೆಗೆ ತಿಕ್ಕಿ, ಆಸಿಡ್ ಬಿಟ್ಟು, ತಲೆ ಆಡಿಸಿದರು.

"ಬೆಳ್ಳಿ ಭಾರೀ ಒಳ್ಳೆಯದು ಉಂಟು."

"ಹಾಗಾದರೆ ಸಾಚಾ!" ಗೌಡರು ಎದ್ದೇ ನಿಂತರು.

"ಕೂತುಕೊಳ್ಳಿ ಗೌಡ್ರೆ. ಈಗಿನ ರೂಪಾಯಿಯಲ್ಲಿ ಬೆಳ್ಳಿಯ ವಾಸನೆ ಆದರೂ ಉಂಟೋ? ಇಷ್ಟು ಬೆಳ್ಳಿ ಹಾಕಿ ನಾಣ್ಯ ಮಾಡುವ ಸರಕಾರ ಎಲ್ಲಿಯಾದರೂ ಇದ್ದೀತೋ? ಇದು ಯಾರೋ ಪ್ರಾಮಾಣಿಕ ಕಳ್ಳ ಮಾಡಿದ್ದು."

ಎದ್ದು ಹೊರಡುವಾಗ ನೋಡಿದೆ. ಒರೆಗೆ ತಿಕ್ಕಿದ ಕಡೆ ರಾಜನ ಕಿರೀಟದ ಒಂದು ಎಲೆ ಇರಲಿಲ್ಲ.

೪. ನನ್ನ ತೀರ್ಪು

ನನ್ನ ಅಂಗಡಿಗೆ ಹಿಂದೆ ಬಂದೆವು. ಈಗ ನನ್ನ ಸರದಿ. ಗೌಡರು, "ಅವರದ್ದು ಬಿಡಿ, ನೀವು ಹೇಳಿದ್ದೇ ಕೊನೆ" ಅಂದರು. ಇಂಥ ಮಾತು ಕೇಳಿದರೆ ಯಾವ ವ್ಯಾಪಾರಿಯೂ ಸ್ವಲ್ಪ ಮೂರ್ಖನಾಗುತ್ತಾನೆ. ನಾನು ಅರ ತೆಗೆದು ನಾಣ್ಯದ ಅಂಚನ್ನು ಚೆನ್ನಾಗಿ ಉಜ್ಜಿದೆ. ಒಳಗೂ ಬೆಳ್ಳಿಯೇ. ಆಮೇಲೆ ಭೂತಗನ್ನಡಿ ಹಿಡಿದಾಗ ಕಂಡಿತು: ರಾಜನ ಕೆನ್ನೆಯ ಮೇಲೆ ಉಳಿಯಿಂದ ಕಡಿದ ಹಳೆಯ ಗಾಯ, ಮಣ್ಣು ತುಂಬಿ ಮುಚ್ಚಿಹೋದದ್ದು, ಆಳಕ್ಕೆ ಇಳಿದದ್ದು.

ನಮ್ಮ ತಂದೆಯ ಕಾಲದಲ್ಲಿ ಖಜಾನೆಗೆ ಖೋಟಾ ರೂಪಾಯಿ ಬಂದರೆ ನಾಣ್ಯ ಪರೀಕ್ಷಿಸುವ ಶರಾಫರು ಅದನ್ನು ಕಡಿದು, ಇನ್ನು ಚಲಾವಣೆಯಾಗದಂತೆ ಮಾಡಿ ಹಿಂದೆ ಕೊಡುತ್ತಿದ್ದರು. ಕಡಿದ ನಾಣ್ಯ ಎಂದರೆ ಸತ್ತ ನಾಣ್ಯ. ಇದು ನಮ್ಮ ಕಸುಬಿನವರಿಗೆ ಹಾಲು ಕುಡಿಯುವಾಗಲೇ ಗೊತ್ತು.

"ಗೌಡ್ರೆ, ಇದು ಖೋಟಾ. ಯಾವನೋ ಶರಾಫ ಮೊದಲೇ ಹಿಡಿದು ಕಡಿದಿದ್ದಾನೆ."

ಗೌಡರು ಬಹಳ ಹೊತ್ತು ಆ ಗಾಯವನ್ನೇ ಬೆರಳಿನಿಂದ ಸವರಿದರು. ಮತ್ತೆ, "ಆ ಶರಾಫನ ಹತ್ತಿರವೇ ಮೊದಲು ಕೇಳಬೇಕಿತ್ತು" ಅಂದರು.

೫. ಕಡಬದ ಸಜ್ಜನ

ವಾರ ಬಿಟ್ಟು ಗೌಡರು ನಗುತ್ತ ಬಂದರು. ಕೋರೆಯವನ ಮನೆಗೆ ಹೋಗಿ ಜಗಳಕ್ಕೆ ಬಾಯಿ ತೆರೆಯುವ ಮೊದಲೇ ಅವನು ಪಟ್ಟಿ ತಂದು ಕೈಯಲ್ಲಿಟ್ಟು, ನಾಣ್ಯ ಹಿಂದೆ ತೆಗೆದುಕೊಂಡನಂತೆ. ಕಾಫಿಯನ್ನೂ ಕೊಟ್ಟನಂತೆ. ಪಟ್ಟಿಯ ಒಂದು ತುದಿ ಮಾತ್ರ ಸ್ವಲ್ಪ ಗಿಡ್ಡ ಆಗಿತ್ತು. ಮಗಳ ಅಳತೆಗೆ ಅಂತ ಸುಳ್ಯದ ಅದೇ ಅಕ್ಕಸಾಲಿಯ ಕೈಯಲ್ಲಿ ಕತ್ತರಿಸಿಕೊಂಡಿದ್ದನಂತೆ.

"ನಿಮ್ಮಿಂದ ನನ್ನ ಮನೆ ಉಳಿಯಿತು ಶೇಟ್ರೆ" ಅಂತ ಗೌಡರು ಎರಡೂ ಕೈ ಜೋಡಿಸಿದರು. ಆ ನಮಸ್ಕಾರ ಇದೇ.

ಕೈಗೆ ಬಂದ ಬೆಳ್ಳಿಯನ್ನು ನಗುತ್ತ ಹಿಂದೆ ಕೊಡುವವನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಬರಲಿಲ್ಲ. ಕಡಬದಲ್ಲಿ ಒಳ್ಳೆಯ ಜನ ಇದ್ದಾರೆ ಅಂತ ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ.

೬. ಇಬ್ಬರು ಶರಾಫರು

ಮದುವೆ ಕಳೆಯಿತು. ಗೌಡರ ಹೆಂಡತಿ ಪಟ್ಟಿ ಕಟ್ಟಿ ಓಡಾಡಿದರಂತೆ. ಮಳೆ ಮುಗಿಯುವ ಹೊತ್ತಿಗೆ ಮಂಗಳೂರಿನಿಂದ ಒಬ್ಬ ಚರಿತ್ರೆಯ ಪ್ರೊಫೆಸರರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಕೈಯಲ್ಲಿ ಅದೇ ನಾಣ್ಯ. ಕೋರೆಯವನಿಂದ ಒಳ್ಳೆಯ ಬೆಲೆಗೆ ಕೊಂಡಿದ್ದರು.

"ಈ ಅಂಚನ್ನು ಅರದಿಂದ ಉಜ್ಜಿದ ಕತ್ತೆ ಯಾರು ಅಂತ ತಿಳಿಯಬೇಕಿತ್ತು."

"ಕೂತುಕೊಳ್ಳಿ. ಕತ್ತೆ ನಾನೇ" ಅಂದೆ. "ಆದರೆ ಅದು ಖೋಟಾ ಅಲ್ಲವೋ? ಕಲ್ಲಿಗೆ ಹಾಕಿದರೆ ದನಿಯೇ ಇಲ್ಲ."

"ಎರಡು ಸಾವಿರ ವರ್ಷ ಮಣ್ಣೊಳಗೆ ಇದ್ದರೆ ನಿಮ್ಮ ದನಿ ಹೇಗಿರುತ್ತಿತ್ತು?"

"ಕೆನ್ನೆ ಕಡಿದದ್ದು?"

ಅವರು ನಾಣ್ಯವನ್ನು ಅಂಗೈಯಲ್ಲಿಟ್ಟು ಮಗುವಿಗೆ ಹೇಳುವ ಹಾಗೆ ಹೇಳಿದರು. ರೋಮಿನ ಬೆಳ್ಳಿ ಹಡಗಿನಲ್ಲಿ ಬಂದಾಗ ಇಲ್ಲಿಯ ವ್ಯಾಪಾರಿಗಳು ನಂಬುತ್ತಿರಲಿಲ್ಲವಂತೆ. ಒಳಗೆ ತಾಮ್ರ ಉಂಟೋ ಅಂತ ರಾಜನ ಮುಖವನ್ನೇ ಕಡಿದು ನೋಡಿ, ಬೆಳ್ಳಿ ಕಂಡ ಮೇಲೆ ತೆಗೆದುಕೊಳ್ಳುತ್ತಿದ್ದರಂತೆ. ಆ ಗಾಯವೇ ಇದು ಸಾಚಾ ಅನ್ನಲಿಕ್ಕೆ ಒಂದು ದೊಡ್ಡ ಸಾಕ್ಷಿಯಂತೆ.

"ಹಾಗಾದರೆ ಆ ಕಾಲದ ವ್ಯಾಪಾರಿಯೂ ಪರೀಕ್ಷೆ ಮಾಡಿದ್ದು, ನಾನೂ ಮಾಡಿದ್ದು. ವ್ಯತ್ಯಾಸ ಎಂತ?"

"ಅವನು ಕಡಿದದ್ದು ಚರಿತ್ರೆ. ನೀವು ಉಜ್ಜಿದ್ದು ಹಾಳು."

ನೋಡಿದವರು ನಾವು ಮೂವರು. ಮೂವರದ್ದೂ ತಪ್ಪು. ವಕೀಲರಿಗೆ ನಷ್ಟವಿಲ್ಲ, ಅಕ್ಕಸಾಲಿಗೆ ಇಲ್ಲ, ನನಗೂ ಇಲ್ಲ. ನಷ್ಟಪಟ್ಟ ಗೌಡರು ಮಾತ್ರ ದಾರಿಯಲ್ಲಿ ಕಂಡರೆ ಆಮೇಲೂ ಕೈ ಮುಗಿಯುತ್ತಿದ್ದರು.

೭. ಉಳಿ

ಅದೂ ಹೆಚ್ಚು ದಿನ ನಡೆಯಲಿಲ್ಲ. ಒಂದು ಸಂತೆಯ ದಿನ ಅಂಗಡಿ ತುಂಬ ಗಿರಾಕಿಗಳಿರುವಾಗ ಗೌಡರು ಬಂದು, ಬೈರಾಸಿನ ಗಂಟು ಬಿಚ್ಚಿ, ಹೆಂಡತಿಯ ಸೊಂಟದ ಪಟ್ಟಿಯನ್ನು ಕಲ್ಲಿನ ಮೇಲೆ ಉದ್ದಕ್ಕೆ ಹಾಸಿದರು.

"ಇದನ್ನೊಂದು ನೋಡಿ ಹೇಳಬೇಕಿತ್ತು."

"ಇದನ್ನು ಎಂತ ನೋಡುದು ಗೌಡ್ರೆ?"

"ಕಡಬದವ ಮೊನ್ನೆ ಸಿಕ್ಕಿದ. ನಾಣ್ಯ ಮಾರಿದ ಕಥೆ ಎಲ್ಲ ಹೇಳಿದ. ಅಷ್ಟು ಸಲೀಸಾಗಿ ಪಟ್ಟಿ ಯಾಕೆ ಹಿಂದೆ ಕೊಟ್ಟೆ ಮಾರಾಯ ಅಂತ ಕೇಳಿದೆ. ಸುಳ್ಯದಲ್ಲಿ ತುದಿ ಕತ್ತರಿಸಿದಾಗ ಒಳಗೆ ಕೆಂಪು ಕಂಡಿತಂತೆ."

ಕತ್ತರಿಸಿದ ತುದಿಗೆ ಕೆಂಪು ಕಾಣದ ಹಾಗೆ ಬೆಳ್ಳಿಯ ಹೊಸ ಟೊಪ್ಪಿ ಹಾಕಿತ್ತು. ನಾನು ಪಟ್ಟಿಯನ್ನು ಮಗುಚಿದೆ. ಕೊಂಡಿಯ ಹಿಂದೆ ನಮ್ಮ ಅಂಗಡಿಯ ಮುದ್ರೆ, ನಮ್ಮ ತಂದೆಯ ಕೈಯ ಪೆಟ್ಟು. ಗಿರಾಕಿಗಳು ಕಲ್ಲಿನ ಸುತ್ತ ಬಗ್ಗಿದ್ದರು.

"ಮಧ್ಯದಲ್ಲಿ ಒಂದು ಕಡಿದು ನೋಡಿ ಶೇಟ್ರೆ. ಹಳೆಯ ಕಾಲದಲ್ಲಿ ಹಾಗೆಯೇ ನೋಡುತ್ತಿದ್ದರಂತೆ."

"ಕಡಿಯುವುದೆಲ್ಲ ಎಂತಕ್ಕೆ ಮಾರಾಯ್ರೆ? ಇದು ನಮ್ಮ ಅಂಗಡಿಯ ಮಾಲು."

"ಅದಕ್ಕೇ ಕಡಿಯಿರಿ ಅಂದದ್ದು" ಅಂದರು ಗೌಡರು.

ಆ ದಿನ ಉಳಿ ಸಿಕ್ಕಲಿಕ್ಕೆ ನನಗೆ ಬಹಳ ಹೊತ್ತು ಹಿಡಿಯಿತು. ಅದು ನನ್ನ ಕೈಯಲ್ಲೇ ಇತ್ತು.